ಕತ್ತರಿ ಮೇಡಂ ಬರೆದ ವಾದಪತ್ರ

ನಡೆಯುತ್ತ ನಡೆಯುತ್ತ ಥಟ್ಟನೆ ನಿಂತುಬಿಡುವುದು ಮೇಡಂ ಅವರ ಸ್ವಭಾವ. ಮೆಟ್ಟಿಲ ಮೇಲೆ, ಲಿಫ್ಟಿನ ಬಾಗಿಲಲ್ಲಿ, ಒಮ್ಮೆಯಂತೂ ರಸ್ತೆಯ ನಟ್ಟನಡುವೆ, ಮನಸ್ಸಿನಲ್ಲಿ ತಿದ್ದುತ್ತಿದ್ದ ವಾಕ್ಯವೊಂದು ಹದಕ್ಕೆ ಬಂದಿತೆಂದರೆ ಸಾಕು, ಕಾಲು ತಾನಾಗಿ ನಿಲ್ಲುತ್ತಿತ್ತು. ಹಿಂದೆ ಬರುತ್ತಿದ್ದವರು ಬೆನ್ನಿಗೆ ಡಿಕ್ಕಿ ಹೊಡೆಯುತ್ತಿದ್ದರು. ಅವರ ಪಕ್ಕದಲ್ಲಿ ನಡೆಯಬೇಕೇ ಹೊರತು ಹಿಂದೆ ಅಲ್ಲವೆಂಬುದನ್ನು ನಾನು ಮೂಗು ಜಜ್ಜಿಸಿಕೊಂಡೇ ಕಲಿತೆ.

ವೃತ್ತಿಯಿಂದ ವಕೀಲೆ. ವ್ಯಾಪಾರದ ವ್ಯಾಜ್ಯವನ್ನು ಕೋರ್ಟಿಗೆ ಒಯ್ಯದೆ, ಇಬ್ಬರಿಗೂ ಒಪ್ಪಿಗೆಯಾದ ಮಧ್ಯಸ್ಥರೊಬ್ಬರ ಮುಂದೆ ತೀರ್ಮಾನಿಸಿಕೊಳ್ಳಬಯಸುವವರಿಗೆ ವಾದಪತ್ರ ಸಿದ್ಧಪಡಿಸುವುದು ಅವರ ಕೆಲಸ. ಪಕ್ಕದ ಕೋಣೆಯಲ್ಲಿ ಅನುವಾದ ಮಾಡಿಕೊಂಡಿದ್ದ ನನ್ನನ್ನು ಭಾಷೆ ನೋಡಿಕೊಡಲು ಆಗಾಗ ಕರೆಯುತ್ತಿದ್ದರು. ಅವರದು ಭುಜದ ಬಳಿ ಮಾಸಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದ ಕಪ್ಪು ಕೋಟು, ಅದರ ಜೋತುಬಿದ್ದ ಬಲಜೇಬಿನಲ್ಲಿ ಪೆನ್ನುಗಳ ರಾಶಿ. ಕಕ್ಷಿದಾರರು ಬರೆದು ತಂದ ‘ಘೋರ’, ‘ಕೃತಘ್ನ’, ‘ನಾಚಿಕೆಗೆಟ್ಟ’ ಮುಂತಾದ ವಿಶೇಷಣಗಳನ್ನೆಲ್ಲ ಆ ಪೆನ್ನುಗಳು ನಿರ್ದಾಕ್ಷಿಣ್ಯವಾಗಿ ಹೊಡೆದುಹಾಕುತ್ತಿದ್ದುದರಿಂದಲೇ ಅವರಿಗೆ ‘ಕತ್ತರಿ ಮೇಡಂ’ ಎಂಬ ಹೆಸರು ಬಂದದ್ದು. “ಬೈಗುಳಕ್ಕೆ ಸಾಕ್ಷಿ ಎಲ್ಲಿಂದ ತರ್ಲಿ ಹೇಳಿ?” ಎನ್ನುತ್ತಿದ್ದರು. ಯಾರು ಏನೇ ಕೂಗಾಡಿದರೂ, ಅತ್ತರೂ, ಅವರ ಬಾಯಿಂದ ಬರುತ್ತಿದ್ದುದು ಒಂದೇ ಪ್ರಶ್ನೆ: “ಆಯ್ತು, ಆಮೇಲೆ?”

ಇದಕ್ಕಿಂತ ಹಠದ ಪದ್ಧತಿ ಇನ್ನೊಂದಿತ್ತು. ಎದುರಾಳಿಯ ವಾದವನ್ನು, ಎದುರಾಳಿಯೇ ಆಡುತ್ತಿರುವಂತೆ, ಕಕ್ಷಿದಾರನ ಬಾಯಿಂದ ಹೇಳಿಸದ ಹೊರತು ಒಂದಕ್ಷರವನ್ನೂ ಬರೆಯುತ್ತಿರಲಿಲ್ಲ. ಸಿಟ್ಟಾಗಿ ಕಡತ ಎತ್ತಿಕೊಂಡು ಬೇರೆ ವಕೀಲರ ಬಾಗಿಲು ತಟ್ಟಿದವರು ಉಂಟು. ಆಗ ಮೇಡಂ ಮುಖ ಸಣ್ಣಗಾಗುತ್ತಿತ್ತು. ಪದ್ಧತಿ ಮಾತ್ರ ಬದಲಾಗಲಿಲ್ಲ.

ಮುದ್ರಣದ ಶಾಯಿ ತಯಾರಿಸುವ ಹಿರಿಯರೊಬ್ಬರು ಒಮ್ಮೆ ಹೆಂಡತಿಯೊಂದಿಗೆ ಬಂದರು. ಆಕೆಯ ತಮ್ಮನೇ ಅವರ ಪಾಲುದಾರ. ಇವರ ಹೆಸರುವಾಸಿಯಾದ ಕಡುಗೆಂಪು ಶಾಯಿಯನ್ನು ಅವನು ಬೇರೆ ಕಾರ್ಖಾನೆ ಹೂಡಿ ತನ್ನ ಹೆಸರಿನಲ್ಲಿ ಮಾರತೊಡಗಿದ್ದ. ಅವನ ಕಾರ್ಖಾನೆಗೆ ಬೀಗ ಬೀಳಬೇಕು, ಅಷ್ಟೇ ಇವರ ಬೇಡಿಕೆ. ಜಗಳದಿಂದಾಗಿ ತಮ್ಮನ ಮಗಳ ಮದುವೆಗೂ ಹೋಗಲಾಗದ ಆ ಹೆಂಗಸು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತಿದ್ದರು.

“ನಿಮ್ಮ ಬಾಮೈದ ಏನಂತಾರೆ?” ಎಂದು ಮೇಡಂ ಕೇಳಿದರು.

“ಸುಳ್ಳು ಹೇಳ್ತಾನೆ, ಇನ್ನೇನು.”

“ಆಯ್ತು, ಆಮೇಲೆ? ಆ ಸುಳ್ಳನ್ನೇ ಹೇಳಿ. ‘ನಾನು’ ಅಂತ ಶುರು ಮಾಡಿ, ಅವರೇ ಕೂತಿರೋ ಹಾಗೆ.”

“ನೀವು ಯಾರ ಕಡೆ ಲಾಯರ್ರು?”

“ನಿಮ್ಮ ಕಡೆನೇ. ನಾಳೆ ಅವರ ವಕೀಲರ ಬಾಯಲ್ಲಿ ಕೇಳಿ ಬೆಚ್ಚಿಬೀಳೋದಕ್ಕಿಂತ ಇವತ್ತು ನಿಮ್ಮ ಬಾಯಲ್ಲೇ ಕೇಳೋದು ವಾಸಿ.”

ಶಾಯಿಯವರು ದಡಕ್ಕನೆ ಎದ್ದರು. “ಕೂತ್ಕೊಳ್ಳಿ,” ಎಂದರು ಹೆಂಡತಿ, ಅಷ್ಟೇ. ಅವರು ಕುಳಿತರು. ಮೊದಲು ಮೂಗಿನಲ್ಲಿ ರಾಗ ಎಳೆದು ಅಣಕಿಸಿದರು. ಮೇಡಂ ತಲೆಯಾಡಿಸಿದರು: “ಅಣಕ ಬೇಡ, ಮಾತು ಬೇಕು.”

ಎರಡನೆಯ ಸಲ, ಅಣಕವೆಲ್ಲ ಸೋರಿಹೋದ ದನಿಯಲ್ಲಿ ಅವರು ಹೇಳಿದರು: “ನಾನು ಆ ಕೆಂಪಿಗೆ ಸರಿಯಾದ ಬಣ್ಣದ ಪುಡಿ ಹುಡುಕ್ತಾ ಊರೂರು ಅಲೆದೆ. ಭಾವ ಯಂತ್ರದ ಮುಂದೆ ನಿಂತಿದ್ರು, ನಾನು ರೈಲಲ್ಲಿ ನಿಂತಿದ್ದೆ. ಕೊನೆಗೆ ಡಬ್ಬಿ ಮೇಲೆ ಅವರ ಹೆಸರೊಂದೇ ಬಂತು. ಕೇಳಿದ್ರೆ, ‘ನೀನು ಮನೆಯವನೇ ಅಲ್ವೇನೋ, ನಿಂಗ್ಯಾಕೆ ಹೆಸರು’ ಅಂದ್ರು.”

ಆ ಮಾತು ಆಡಿದವರು ತಾವೇ ಎಂಬುದು ಆಗಷ್ಟೇ ನೆನಪಾದವರಂತೆ ಅವರು ಹೆಂಡತಿಯ ಕಡೆ ತಿರುಗಿದರು. “ಅಂದಿದ್ರಿ,” ಎಂದರು ಹೆಂಡತಿ. “ನಾನೂ ಅಲ್ಲೇ ಇದ್ದೆ.”

ಮೇಡಂ ಬುದ್ಧಿವಾದ ಹೇಳಲಿಲ್ಲ, ರಾಜಿಯ ಮಾತೆತ್ತಲಿಲ್ಲ. ವಾದಪತ್ರವನ್ನು ಸೂಜಿ ತೂರಲೂ ಸಂದಿಯಿಲ್ಲದಷ್ಟು ಬಿಗಿಯಾಗಿ ಬರೆದರು: ಶಾಯಿ ತಯಾರಿಸುವ ಸೂತ್ರ ಹಿರಿಯರದು, ಅನುಮತಿಯಿಲ್ಲದೆ ಮಾರುವ ಅಧಿಕಾರ ಬಾಮೈದನಿಗಿಲ್ಲ. ಆದರೆ ನಡುವೆ ಒಂದು ವಾಕ್ಯವಿತ್ತು: “ಬಣ್ಣದ ಪುಡಿಯನ್ನು ಹುಡುಕಿ ತಂದವರು ಎದುರು ಪಕ್ಷದವರು; ಅವರ ಶ್ರಮವಿಲ್ಲದೆ ಈ ಶಾಯಿ ಸಿದ್ಧವಾಗುತ್ತಿರಲಿಲ್ಲ.”

ಶಾಯಿಯವರ ಬೆರಳು ಅಲ್ಲಿಯೇ ನಿಂತಿತು. “ಇದು ನಮಗೇ ಪೆಟ್ಟಲ್ವಾ?”

“ಆಗ್ಬಹುದು. ತೆಗೀಲಾ?”

ಅವರು ಹೆಂಡತಿಯ ಕಡೆ ನೋಡಲಿಲ್ಲ, ಕಾಗದವನ್ನೇ ನೋಡಿದರು. “ಬೇಡ, ಇರ್ಲಿ,” ಎಂದು ಸಹಿ ಹಾಕಿದರು.

ಅವರು ಹೋದ ಮೇಲೆ ಮೇಡಂ ಕೋಣೆಯಲ್ಲಿ ಶತಪಥ ಹಾಕುತ್ತಿದ್ದರು. “ಆ ಒಂದು ಸಾಲಿಂದ ಸೋತ್ರೆ ಅವರು ಆ ಕೆಂಪು ಶಾಯಿನೇ ಕಳ್ಕೊಳ್ತಾರೆ ಕಣ್ರೀ. ನನಗೆ ಹೋಗೋದು ಬರೀ ಹೆಸರು,” ಎಂದರು. ಅವರು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಎದುರು ಪಕ್ಷದ ಉತ್ತರ ಬಂತು. ಕೆಂಡ ಕಾರುತ್ತದೆಂದು ಕಾದಿದ್ದವರಿಗೆ ಮೊದಲ ಪುಟದಲ್ಲೇ ಸಿಕ್ಕಿದ್ದು ಒಪ್ಪಿಗೆ: ಸೂತ್ರ ಭಾವನದೇ. ವಿಚಾರಣೆಯ ದಿನ ಮಧ್ಯಸ್ಥರು ಎರಡೂ ಪತ್ರಗಳನ್ನು ಅಕ್ಕಪಕ್ಕ ಇಟ್ಟು, ಕನ್ನಡಕ ತೆಗೆದು, “ಹಾಗಾದ್ರೆ ಜಗಳ ಯಾವುದಕ್ಕೆ?” ಎಂದು ಕೇಳಿದರು. ಬಾಮೈದ ತಲೆತಗ್ಗಿಸಿ, “ಡಬ್ಬಿ ಮೇಲಿನ ಹೆಸರಿಗೆ ಸ್ವಾಮಿ,” ಎಂದ.

ಅಂದೇ ಎಲ್ಲವೂ ಮುಗಿಯಲಿಲ್ಲ. ಸೂತ್ರ ಭಾವನಲ್ಲೇ ಉಳಿಯುವುದು, ಅವರ ಅನುಮತಿಯಿಂದ ಬಾಮೈದನೂ ತಯಾರಿಸುವುದು, ಡಬ್ಬಿಯ ಮೇಲೆ ಇಬ್ಬರ ಹೆಸರೂ ಇರುವುದು ಎಂಬುದಕ್ಕೆ ಒಪ್ಪಿಗೆಯಾದರೂ, ಅಕ್ಷರಗಳ ಗಾತ್ರದ ಬಗ್ಗೆ ಇಬ್ಬರೂ ಮತ್ತೆ ಮುಖ ಊದಿಸಿಕೊಂಡರು. ಮುಂದಿನ ವಿಚಾರಣೆಯಲ್ಲಿ ಅದೂ ಇತ್ಯರ್ಥವಾಗಿ, ಮಧ್ಯಸ್ಥರು ಅದನ್ನೇ ತೀರ್ಪಾಗಿ ಬರೆಸಿದರು. ಹೊರಗೆ ಬಂದಾಗ ಅಕ್ಕ ತಮ್ಮನನ್ನು ಕೇಳಿದರು: “ಊಟ ಆಯ್ತೇನೋ?”

“ಇಲ್ಲ ಕಣಕ್ಕ.”

“ಬಾ ಹಾಗಾದ್ರೆ.” ಭಾವ ಕಾರಿನ ಹಿಂದಿನ ಬಾಗಿಲನ್ನು ತೆರೆದು ಹಿಡಿದು ನಿಂತರು.

ಮನುಷ್ಯರ ನಡುವಣ ವ್ಯಾಜ್ಯಗಳನ್ನು ನಿರ್ಮೂಲ ಮಾಡುತ್ತೇವೆಂದು ಹೊರಟವರು ಅನೇಕರು. ಅವರ ಕೊರಳಿಗೆ ಹಾರಗಳೂ ಬೀಳುತ್ತವೆ. ವ್ಯಾಜ್ಯ ಇರುವಷ್ಟೇ ಇರಲಿ, ಅದಕ್ಕಿಂತ ಒಂದು ಕೂದಲೆಳೆಯಷ್ಟೂ ದೊಡ್ಡದಾಗದಿರಲಿ ಎಂದು ಪದಪದವನ್ನೂ ತೂಗುತ್ತ ಕುಳಿತವರು ವಿರಳ. ಅವರು ಯಾರನ್ನೂ ಒಂದುಗೂಡಿಸುವುದಿಲ್ಲ. ಇಬ್ಬರ ನಡುವೆ ಬೆಳೆದುನಿಂತ ಮಾತುಗಳನ್ನು ತೆರವು ಮಾಡಿ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಷ್ಟು ಜಾಗ ಮಾಡಿಕೊಡುತ್ತಾರೆ. ಅಷ್ಟು ಜಾಗ ಸಿಕ್ಕರೆ, ಮಿಕ್ಕದ್ದನ್ನು ಜನ ಬಹುಮಟ್ಟಿಗೆ ತಾವೇ ಮಾಡಿಕೊಳ್ಳುತ್ತಾರೆ.