ಒತ್ತಿಟ್ಟ ತುಂಡು

ಅವತ್ತು ಬೆಳಿಗ್ಗೆ ಮಂಜು ಬೀದಿಗೆ ಇಳಿದು, ಮೇಲೇಳುವುದನ್ನೇ ಮರೆತು ಕುಳಿತಿತ್ತು. ಎದುರು ಮನೆ ಇತ್ತೆಂದರೆ ಇತ್ತು, ಇಲ್ಲವೆಂದರೆ ಇಲ್ಲ. ಜ್ವರ ಬಿಟ್ಟ ಮೇಲೂ ಆಹಾರ ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದ್ದ ಮಾವ, ತಾವಾಗಿಯೇ ಬಾಯಿಬಿಟ್ಟು, "ಸಾಲ್ಮನ್ ಮೀನು ಸುಟ್ಟು ಕೊಡ್ತೀಯೇನಮ್ಮ?" ಎಂದಿದ್ದರು. ಇನ್ನೂ ಊಟ ಸೇರದಿದ್ದರೆ ಜೀವ ನಿಲ್ಲುವುದು ಕಷ್ಟ ಎಂದು ವೈದ್ಯರು ಹೇಳಿ ಹೋಗಿದ್ದರು. ಸೊಸೆಗೆ ಆ ಮಾತು ದೇವರೇ ಆಡಿಸಿದಂತೆ ಕೇಳಿಸಿತು. ಚೀಲ ಹಿಡಿದು ಓಡಿದಳು.

ಮೀನಿನಂಗಡಿಯವಳದು ಗುಂಗುರು ಕೂದಲು. ಬೀದಿಗೆಲ್ಲ ಅವಳು ಗುಂಗುರಿ. ಅವಳ ಮುಂದೆ ಆಗಲೇ ಒಬ್ಬ ಮುದುಕಿ ನಿಂತು ಒಂದೊಂದು ತುಂಡನ್ನೂ ಮೂಸಿ, ಹೆಬ್ಬೆರಳಿನಿಂದ ಒತ್ತಿ, ತಗ್ಗು ತುಂಬಿಕೊಳ್ಳುವ ತನಕ ಕಾಯುತ್ತಿದ್ದಳು.

"ಏನಜ್ಜಿ, ಮೀನು ತಗೋತಿದ್ದೀರೋ, ಮಗಳಿಗೆ ಗಂಡು ನೋಡ್ತಿದ್ದೀರೋ?" ಎಂದು ಗುಂಗುರಿ ಕೆಣಕಿದಳು.

"ಗಂಡು ಕೆಟ್ರೆ ಮಗಳು ಹೇಗೋ ಸಹಿಸ್ಕೋತಾಳೆ. ಮೀನು ಕೆಟ್ರೆ ಹೊಟ್ಟೆ ಸಹಿಸುತ್ತಾ?" ಮುದುಕಿ ನಗಲಿಲ್ಲ. ನಡುಭಾಗದ ದಪ್ಪ ತುಂಡನ್ನು ಒತ್ತಿ ಪಕ್ಕಕ್ಕಿಟ್ಟಳು. "ಇದು ನಂದು. ಚೀಲ ಮರ್ತು ಬಂದೆ, ತರ್ತೀನಿ. ಮನೇಲಿ ಒಬ್ರು ಹಸ್ಕೊಂಡಿದ್ದಾರೆ." ಬೀದಿಗಿಳಿದವಳನ್ನು ಮಂಜು ನುಂಗಿಕೊಂಡಿತು.

ಒತ್ತಿ ಪಕ್ಕಕ್ಕಿಟ್ಟ ತುಂಡನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅದು ಆ ಅಂಗಡಿಯ ಕಟ್ಟಳೆ. ಆದರೆ ಉಳಿದಿದ್ದವೆಲ್ಲ ಅಂಚು ಒಣಗಿ ಬಣ್ಣಗೆಟ್ಟ ಬಾಲದ ತುಂಡುಗಳು.

"ಅವರು ಬರೋ ಹೊತ್ತಿಗೆ ನಮ್ಮ ಮಾವನ ಆಸೆ ಆರಿ ಹೋಗುತ್ತೆ ಕಣೇ."

"ಒತ್ತಿಟ್ಟದ್ದು ಕಣಕ್ಕ. ನಾನು ಕೊಡಲ್ಲ."

"ನೀನು ಕೊಡಬೇಡ. ಆ ಕಡೆ ತಿರುಗು, ಸಾಕು."

ಗುಂಗುರಿ ಬೆನ್ನು ಹಾಕಿ ಕತ್ತಿ ತೊಳೆಯತೊಡಗಿದಳು. ಸೊಸೆ ಬೆಲೆಯನ್ನು ಕಲ್ಲಿನ ಮೇಲಿಟ್ಟು ತುಂಡನ್ನು ಎತ್ತಿಕೊಂಡಳು.

ಮನೆಯಲ್ಲಿ ಮೀನಿನ ನೀರಿನ ಪಸೆ ಒರೆಸುವಾಗ ಅವಳ ಕೈ ತಡೆಯಿತು. ಮುದುಕಿಯ ಹೆಬ್ಬೆರಳಿನ ತಗ್ಗು ಹಾಗೇ ಇತ್ತು. ಪಕ್ಕದಲ್ಲಿ ತಾನು ಒತ್ತಿ ನೋಡಿದಳು. ಮಾಂಸ ಪುಟಿದು ಸಮವಾಯಿತು. ಮೀನು ತಾಜಾ. ಆದರೂ ಆ ತಗ್ಗು ಮಾತ್ರ ಯಾರೋ ಇನ್ನೂ ಬೆರಳು ತೆಗೆದಿಲ್ಲವೆಂಬಂತೆ ಉಳಿದಿತ್ತು.

ಎಣ್ಣೆ, ಉಪ್ಪು ಸವರಿ, ಹಿಂಬಾಗಿಲ ಬಳಿಯ ಕೆಂಡದ ಮೇಲೆ ಜಾಲರಿ ಕಾಯಿಸಿ, ಚರ್ಮ ಕೆಳಗಾಗಿ ಇಟ್ಟಳು. ಬೆಂದ ಮೀನು ಕಂಬಿಯನ್ನು ತಾನೇ ಬಿಡುತ್ತದೆ, ಅವಸರ ಕೂಡದು. ಕಿತ್ತಳೆ ಬಣ್ಣ ಅಂಚಿನಿಂದ ತಿಳಿಯಾಗುತ್ತ ಬಂತು. ಕೊಬ್ಬು ತೊಟ್ಟಿಕ್ಕಿ ಕೆಂಡ ಚುರ್ರೆಂದಿತು. ಆದರೆ ವಾಸನೆಯೇ ಇಲ್ಲ. ತಗ್ಗಿನ ಸುತ್ತ ಮಾಂಸ ಹಸಿಯಾಗಿಯೇ ಇತ್ತು, ಮುಟ್ಟಿದರೆ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ದೋಸೆ ಮಗುಚುವ ಕೈಯನ್ನು ಕೆಳಗೆ ತೂರಿಸಿದಳು. ಮೀನು ಕಂಬಿಯನ್ನು ಬಿಡಲಿಲ್ಲ.

ಒಳಗಿನಿಂದ ಮಾವನ ದನಿ: "ಯಾರಮ್ಮ ಹಿಂಬಾಗಿಲಲ್ಲಿ?"

"ಯಾರೂ ಇಲ್ಲ ಮಾವ."

"ಪಾಪ, ಖಾಲಿ ಚೀಲ ಹಿಡ್ಕೊಂಡು ನಿಂತಿದ್ದಾರಲ್ಲ. ಮಾತಾಡ್ಸೋದಲ್ವಾ?"

ಅವಳು ಇಣುಕಿದಳು. ಮಾವ ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದರು. ಹಿಂಬಾಗಿಲಿಗೆ ಬಂದು ನೋಡಿದರೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಯ ಜೋಡಿಯೊಂದು ಮಾತ್ರ, ಮನೆಯ ಕಡೆ ಮುಖ ಮಾಡಿ.

ಅವಳು ಒಳಗೆ ಬಂದು ಮಾವನ ಹಾಸಿಗೆಯ ಅಂಚಿಗೆ ಕೂತು, ನಡೆದದ್ದನ್ನೆಲ್ಲ ಹೇಳಿದಳು. "ನೀವು ಒಂದು ತುತ್ತಾದ್ರೂ ತಿನ್ಲಿ ಅಂತ ಮಾವ."

ಮಾವ ಮೆಲ್ಲಗೆ, "ನಂಗೋಸ್ಕರ ಮಾಡ್ದೆ, ಗೊತ್ತು ತಾಯಿ. ಆದ್ರೆ ಇನ್ನೊಬ್ರ ಹಸಿವನ್ನ ತಂದು ನನ್ನ ತಟ್ಟೆಗಿಟ್ರೆ ಹೇಗೆ ಇಳಿಯುತ್ತೆ? ಕೊಟ್ಬಿಡು. ಕೊಡೋನು ನಮಗೂ ಕೊಡ್ತಾನೆ" ಎಂದರು.

ಅವಳು ಕೆಂಡದ ಬಳಿ ಬಂದು ಮಂಜಿನ ಕಡೆ ನೋಡುತ್ತ, "ಅಜ್ಜಿ, ಇದು ನಿಮ್ದು" ಎಂದಳು.

ಆಗ ಮನೆ ತುಂಬ ಘಮ್ಮೆಂದಿತು. ತಗ್ಗು ತುಂಬಿಕೊಂಡು ಮೀನು ಸಮವಾಗಿ ಬೆಂದಿತು. ಮಗುಚುವ ಕೈ ತಾಗುತ್ತಲೇ ಹೂವಿನಂತೆ ಎದ್ದು ಬಂತು, ಗರಿಗರಿಯಾದ ಚರ್ಮವನ್ನಷ್ಟೇ ಕಂಬಿಗೆ ಉಳಿಸಿ.

"ಆ ಚರ್ಮ ಉಳೀತೇನು? ಇಲ್ಲಿ ಕೊಡು!" ಮಾವ ಆಗಲೇ ಮೊಣಕೈಯೂರಿ ಎದ್ದು ಬಾಗಿಲ ಕಡೆ ತಿರುಗಿದ್ದರು. ಕೊಟ್ಟದ್ದನ್ನು ಕರುಮ್ಮೆಂದು ಕಡಿದು ಕಣ್ಣು ಮುಚ್ಚಿದರು. "ಉಪ್ಪು ಹದವಾಗಿದೆ. ಅನ್ನ ಇದೆಯೇನಮ್ಮ?"

ಸೊಸೆ ಕಣ್ಣೊರೆಸಿಕೊಂಡು ಅನ್ನವಿಟ್ಟಳು. ಅವರು ಮೊದಲ ತುತ್ತು ನುಂಗಿದ್ದನ್ನು ನೋಡಿ, ಬಿಸಿ ಮೀನನ್ನು ಕಾಗದದಲ್ಲಿ ಸುತ್ತಿ ಹಿಂಬಾಗಿಲಿಗೆ ಬಂದಳು. ಮಂಜಿನೊಳಗಿಂದ ಬಟ್ಟೆಯ ಚೀಲವೊಂದು ಬಾಯಿ ತೆರೆದು ಮುಂದೆ ಬಂತು. ಹಿಡಿದ ಕೈ ಮಣಿಕಟ್ಟಿನ ತನಕ ಮಾತ್ರ ಕಂಡಿತು. ಅವಳು ಮುಖ ಹುಡುಕಲಿಲ್ಲ. ಎರಡೂ ಕೈಯಿಂದ ಪೊಟ್ಟಣವನ್ನು ಸದ್ದಿಲ್ಲದೆ ಅದರೊಳಗೆ ಇಳಿಸಿದಳು.