ಆರಗದ ಮೇಲೆ ಹಾದುಹೋದ ಮೊಮ್ಮಗಳು

ಎಂಜಿನ್ ಇಲ್ಲದ ವಿಮಾನ ಆಕಾಶದಲ್ಲಿ ಹೇಗೆ ನಿಲ್ಲುತ್ತದೆ ಎಂಬುದು ನನ್ನ ತಂಗಿ ಸುನಂದಾಬಾಯಿಗೆ ಅರ್ಥವಾಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಚಿಂತೆಯೂ ಇರಲಿಲ್ಲ. ಅವಳ ಚಿಂತೆ ಬೇರೆಯೇ. ಅಕ್ಕನ ಮೊಮ್ಮಗಳು ತಮ್ಮೂರು ಆರಗದ ಮೇಲೆಯೇ ಹಾದು ಹೋಗುವವಳು, ತಮ್ಮ ಮನೆಯಲ್ಲಿ ಊಟ ಮಾಡದೆ ಹೇಗೆ ಹೋಗುತ್ತಾಳೆ?

"ಇಳದ್ರ ಆಕಿ ಸೋಲ್ತಾಳ ಸುನಂದಾ," ಎಂದು ಫೋನಿನಲ್ಲಿ ಹೇಳಿದೆ. "ಅದು ಸ್ಪರ್ಧಾ ಐತಿ."

"ಒಂದ್ ಊಟಕ್ಕ ಏನ್ ಸೋಲೂದ ಅಕ್ಕಾ? ಉಂಡು ಮತ್ತ ಹಾರ್ಲಿ."

"ಮತ್ತ ಹಾರಾಕ ಬರೂದಿಲ್ಲ. ಅದನ್ನ ಮ್ಯಾಲೆ ಜಗ್ಗಾಕ ಇನ್ನೊಂದು ವಿಮಾನ ಬೇಕು."

"ನಮ್ಮ ಸಂಮೇದನ ಟ್ರ್ಯಾಕ್ಟರ ಐತಲ್ಲ," ಎಂದಳು ಸುನಂದಾ.

ಸಂಮೇದ ಅವಳ ಮಗ. ಟ್ರ್ಯಾಕ್ಟರಿನಿಂದ ಆಗದ ಕೆಲಸವೊಂದು ಈ ಲೋಕದಲ್ಲಿದೆ ಎಂದು ಆ ಮನೆಯಲ್ಲಿ ಯಾರೂ ನಂಬುವುದಿಲ್ಲ.

ನಮ್ಮ ಮೊಮ್ಮಗಳು ಪ್ರಣಾಲಿ ಗ್ಲೈಡರ್ ಹಾರಿಸುತ್ತಾಳೆ. ಮಿರಜದಾಚೆಯ, ವಿಮಾನ ಇಳಿಯುವ ಹಳೆಯ ಧಾವಪಟ್ಟಿಯಲ್ಲಿ ಆ ವಾರ ಸ್ಪರ್ಧೆ ನಡೆದಿತ್ತು, ಅಂದು ಕೊನೆಯ ದಿನ. ಪೂರ್ವಕ್ಕೆ ಜತ್ತದ ಕಡೆ ಹೋಗಿ, ಮರಳುವಾಗ ಆರಗದ ನೀರಿನ ಟಾಕಿಯನ್ನು ಸುತ್ತಿ, ಎಲ್ಲೂ ಇಳಿಯದೆ ಧಾವಪಟ್ಟಿಗೆ ಬರಬೇಕು. ಬಂದರೆ ರಾಷ್ಟ್ರೀಯ ಸ್ಪರ್ಧೆಯ ತಂಡದಲ್ಲಿ ಅವಳಿಗೆ ಜಾಗ. ದಾರಿಯಲ್ಲಿ ಇಳಿದರೆ ಆ ಜಾಗ ಬಸವಪ್ರಸಾದನಿಗೆ. ಅವನು ಮಿರಜದ ಪೇಟೆಯ ಗುರುಸಿದ್ಧಪ್ಪನವರ ಮಗ. ಒಳ್ಳೆಯ ಹುಡುಗ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಪ್ರಣಾಲಿ ನನಗೆ ಇದನ್ನೆಲ್ಲ ಅಡುಗೆಮನೆಯಲ್ಲಿ ಕುಳಿತು ತಿಳಿಸಿಕೊಟ್ಟಿದ್ದಳು. ಬಿಸಿಲಿಗೆ ಕಾದ ಒಣ ನೆಲದಿಂದ ಬಿಸಿಗಾಳಿ ಕಂಬದಂತೆ ಮೇಲೇಳುತ್ತದೆ. ಗ್ಲೈಡರ್ ಆ ಕಂಬದೊಳಗೆ ಸುತ್ತು ಹಾಕುತ್ತ ಏರಬೇಕು, ಏರಿದ ಎತ್ತರವನ್ನು ಖರ್ಚು ಮಾಡುತ್ತ ಮುಂದಿನ ಕಂಬಕ್ಕೆ ಜಾರಬೇಕು. ನೀರುಂಡ ಕಬ್ಬಿನ ಮೇಲೆ ಈ ಕಂಬ ಸಿಗುವುದಿಲ್ಲ.

ಇದನ್ನು ಕೇಳಿ ನಮ್ಮ ಮನೆಯವರು, ಜಿನಪ್ಪನವರು, ನೊಂದುಕೊಂಡಿದ್ದರು. "ಹೊಲಕ್ಕ ನೀರ ಬರ್ಲಿ ಅಂತ ನಮ್ಮಪ್ಪ ಜನ್ಮಪೂರ್ತಿ ಕಚೇರಿಗೆ ಅಡ್ಡಾಡಿದ. ಈಗ ಮೊಮ್ಮಗಳು ಒಣಾ ನೆಲ ಬೇಕು ಅಂತಾಳ. ಎಲ್ಲಿಂದ ತರೂಣು?"

ಆದರೂ ಅವಳ ಗ್ಲೈಡರ್ ಎಲ್ಲಾದರೂ ಇಳಿದರೆ ಬಿಚ್ಚಿ ಹೇರಿಕೊಂಡು ಬರಲು ಜೀಪಿಗೆ ಉದ್ದನೆಯ ಗಾಡಿ ಕಟ್ಟಿಕೊಂಡು ತಿರುಗುವವರು ಅವರೇ. ಜೊತೆಗೆ ನಾನು. ಬೆಳಿಗ್ಗೆ ಸ್ಪರ್ಧೆಯ ಪರೀಕ್ಷಕ ಸಾಹೇಬರು ಎಲ್ಲರನ್ನೂ ನಿಲ್ಲಿಸಿಕೊಂಡು ಮರಾಠಿಯಲ್ಲಿ ಎಚ್ಚರಿಕೆ ಕೊಟ್ಟಿದ್ದರು. ನೆಲದ ಮೇಲಿನವರು ಹಾರುವವರಿಗೆ ಯಾವ ನೆರವನ್ನೂ ಕೊಡಕೂಡದು. ಗಾಳಿ ಎಲ್ಲಿದೆ ಎಂದು ವಾಯರ್‌ಲೆಸ್ಸಿನಲ್ಲಿ ಹೇಳಕೂಡದು, ಗುರುತು ತೋರಿಸಕೂಡದು. ಹಾಗೆ ಮಾಡಿದರೆ ಆ ದಿನದ ಹಾರಾಟ ರದ್ದು. ಜಿನಪ್ಪನವರು ಆಗಿನಿಂದ ವಾಯರ್‌ಲೆಸ್ಸನ್ನು ಹಾಲಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದರು.

ಆರಗವೇ ಕೊನೆಯ ತಿರುವು. ನಾವು ಅಲ್ಲಿಯೇ ಹೋಗಿ ಕಾಯುವುದೆಂದಾಯಿತು.

ಸುನಂದಾಳ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಹೂರಣದ ವಾಸನೆ ಬಂತು. ಮದುವೆಗೆ ಆಗುವಷ್ಟು ಹೋಳಿಗೆ. ಹೆಸರುಕಾಳಿನ ಪಲ್ಯ, ಕಟ್ಟಿನ ಸಾರು, ಖೀರು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆತನ ನಮ್ಮದು, ಆದ್ದರಿಂದ ಮೂರು ಗಂಟೆಗೇ ಎಲ್ಲ ತಯಾರು. ಮನೆಯ ಹಿಂದೆ ಕಬ್ಬು ಕಡಿದ ಹೊಲ. ಅಲ್ಲಿ ಸಂಮೇದ ಟ್ರ್ಯಾಕ್ಟರಿಗೆ ಕುಂಟೆ ಕಟ್ಟಿ ಬೋದಿನ ಏರಿಗಳನ್ನು ಒಡೆದು ನೆಲವನ್ನು ಸಮನಾಗಿ ಸಾಪು ಮಾಡುತ್ತಿದ್ದ. ಅವನ ಗೆಳೆಯರ ಇನ್ನೆರಡು ಟ್ರ್ಯಾಕ್ಟರುಗಳೂ ಬಂದಿದ್ದವು. ಹೊಲದ ಮೂಲೆಮೂಲೆಗೆ ಬಿಳಿ ಧೋತರ ಹಾಸಿ, ಮೇಲೆ ಮಣ್ಣಿನ ಹೆಂಟೆ ಇಟ್ಟಿದ್ದರು.

"ಇದೇನ ಸುನಂದಾ?"

"ಮ್ಯಾಲಿಂದ ಹುಡುಗಿಗೆ ಕಾಣಬೇಕಲ್ಲ. ಸಿದರಾಯ ಕಾಕಾ ಕೊಟ್ಟಾರ."

ಪಕ್ಕದ ಮನೆಯ ಸಿದರಾಯ ಕಾಕಾ ಟವೆಲು ಸುತ್ತಿಕೊಂಡು ಬದುವಿನ ಮೇಲೆ ಕುಳಿತಿದ್ದರು. ತಮ್ಮ ಬಳಿ ಇದ್ದ ಧೋತರಗಳನ್ನೆಲ್ಲ ಕೊಟ್ಟುಬಿಟ್ಟಿದ್ದರು. "ಮನಿ ಮಗಳು ಬರಾಕತ್ತಾಳ, ನಂದೇನ, ಟವೆಲ್ ಮ್ಯಾಲೆ ಒಂದ ದಿನ ನಡೀತೈತಿ," ಎಂದರು.

"ಸುನಂದಾ, ಆಕಿ ಇಳೀಬಾರ್ದು," ಎಂದು ನಾನು ಮತ್ತೆ ಹೇಳಿದೆ. "ಇಳದ್ರ ಆಕಿ ಜಾಗಾ ಹೋತು."

"ನಾನೇನ್ ಕೈ ಹಿಡದು ಜಗ್ತೇನೇನ? ಇಳದ್ರ ಹೊಲಾ ಸಾಪ ಇರ್ಲಿ ಅಂತ ಅಷ್ಟ." ಹೋಳಿಗೆಯ ಬುಟ್ಟಿಗೆ ಬಟ್ಟೆ ಮುಚ್ಚುತ್ತ ಅವಳು ಮುಖ ತಿರುಗಿಸಿದಳು.

ಮಧ್ಯಾಹ್ನದವರೆಗೆ ಹವೆ ಚೆನ್ನಾಗಿತ್ತು. ಅರಳೆಯಂಥ ಮೋಡಗಳು ಸಾಲಾಗಿದ್ದವು; ಪ್ರತಿ ಮೋಡದ ಕೆಳಗೂ ಒಂದು ಬಿಸಿಗಾಳಿಯ ಕಂಬ ಇರುತ್ತದಂತೆ. ಆದರೆ ಮೂರು ದಾಟಿದ ಮೇಲೆ ಪಶ್ಚಿಮದಿಂದ ತೆಳ್ಳನೆಯ ಬಿಳಿ ಪರದೆಯೊಂದು ಮೇಲೆಮೇಲೆಯೇ ಸರಿದು ಬಂತು. ಬಿಸಿಲು ಹಾಲುಸೋಸುವ ಬಟ್ಟೆಯಲ್ಲಿ ಹಾಯ್ದಂತಾಯಿತು. ಅರಳೆಯ ಮೋಡಗಳು ಒಂದೊಂದಾಗಿ ಕರಗಿದವು. ವಾಯರ್‌ಲೆಸ್ಸಿನಲ್ಲಿ ಒಬ್ಬೊಬ್ಬರೇ ತಾವು ಇಳಿದ ಹೊಲದ ಹೆಸರು ಹೇಳತೊಡಗಿದರು. ಒಬ್ಬ ದ್ರಾಕ್ಷಿ ತೋಟದ ಪಕ್ಕ, ಇನ್ನೊಬ್ಬ ಶಾಲೆಯ ಮೈದಾನದಲ್ಲಿ. ಜಿನಪ್ಪನವರ ಮೊಬೈಲಿನ ನಕಾಶೆಯಲ್ಲಿ ಕೊನೆಗೆ ಎರಡೇ ಚುಕ್ಕಿ ಉಳಿದವು. ಮುಂದಿನದು ಪ್ರಣಾಲಿ, ಹಿಂದಿನದು ಬಸವಪ್ರಸಾದ. ಇಬ್ಬರ ಎತ್ತರವೂ ಇಳಿಯುತ್ತಿತ್ತು.

ಆಮೇಲೆ ಅವಳ ದನಿ ಬಂತು. "ಆರಗ ಟಾಕಿ ಸುತ್ತಿ ಆತು. ಭಾಳ ಕೆಳಗ ಅದೇನಿ. ಇಳ್ಯಾಕ ಹೊಲಾ ನೋಡಾಕತ್ತೇನಿ."

 ಧಾವಪಟ್ಟಿ ಇನ್ನೂ ದೂರವಿತ್ತು, ಆ ಎತ್ತರದಲ್ಲಿ ಮಿರಜವನ್ನೂ ಮುಟ್ಟುವಂತಿರಲಿಲ್ಲ.

ಸುನಂದಾ ಮಾತ್ರ ಚಪ್ಪಾಳೆ ತಟ್ಟಿದಳು. "ಹೊಲಾ ನೋಡಾಕತ್ತಾಳ! ನಮ್ಮ ಹೊಲಾನ ನೋಡಾಕತ್ತಾಳ!" ಎನ್ನುತ್ತ ಜಿನಪ್ಪನವರ ಕೈಯಿಂದ ವಾಯರ್‌ಲೆಸ್ ಕಸಿದು ಗುಂಡಿ ಒತ್ತಿಯೇಬಿಟ್ಟಳು. "ಪ್ರಣಾಲಿ ಬಾಳಾ, ಇಳಿ ಇಳಿ! ಹೋಳಿಗಿ ಬಿಸಿ ಅದಾವ!"

 ನಂತರ ಪರೀಕ್ಷಕ ಸಾಹೇಬರ ಗಡಸು ದನಿ, "ಕೋಣ ಬೋಲತಂಯ ಹೇ?" ಯಾರದು ಮಾತಾಡುವುದು ಎಂದು.

"ಮೀ ತಿಚೀ ಮಾವಶಿ ಆಜೀ," ಎಂದು ಸುನಂದಾ, ತಾನು ಅವಳ ಅಜ್ಜಿಯ ತಂಗಿಯೆಂದು ಗುರುತು ಹೇಳಿಕೊಂಡಳು. ಸೌಜನ್ಯಕ್ಕೆ ಕಡಿಮೆಯಾಗಬಾರದೆಂದು, "ತುಮ್ಹೀಪಣ ಯಾ ಜೇವಾಯಲಾ," ಎಂದು ಅವರನ್ನೂ ಊಟಕ್ಕೆ ಕರೆದಳು.

ಜಿನಪ್ಪನವರು ವಾಯರ್‌ಲೆಸ್ ಮರಳಿ ಕಿತ್ತುಕೊಳ್ಳುವಷ್ಟರಲ್ಲಿ ಗ್ಲೈಡರ್ ಕಂಡಿತು. ಬೆಳೆದ ಕಬ್ಬಿನ ಮೇಲಿಂದ ಸದ್ದಿಲ್ಲದೆ, ಬೆಳ್ಳಗೆ, ತೀರ ಕೆಳಗೆ. ನಮ್ಮ ಹೊಲದ ಕಡೆಗೇ ಬರುತ್ತಿತ್ತು.

"ಸಂಮೇದಾ, ಅವಸ್ರ ಮಾಡೋ! ಬಂದ್ಲು!"

ಮೂರೂ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಹೊಲದ ನಡುವೆ ಓಡಿದವು. ಬೆಳಗಿನಿಂದ ಕಾದು ಬಿದ್ದ ಆ ಬರಿ ನೆಲದಲ್ಲಿ ಮೊದಲು ಒಂದು ಹಿಡಿ ಧೂಳು ಎದ್ದಿತು. ನಮ್ಮ ಬೆನ್ನ ಹಿಂದಿನಿಂದ ಗಾಳಿ ಹೊಲದೊಳಕ್ಕೆ ನುಗ್ಗಿತು. ಆಚೆ ಬದುವಿನಲ್ಲಿ ನಿಂತವರ ಸೆರಗೂ ಹೊಲದ ಕಡೆಗೇ ಹಾರುತ್ತಿತ್ತು. ಧೂಳು ಸುತ್ತತೊಡಗಿತು, ಕಬ್ಬಿನ ಒಣಗರಿಯ ರವದಿ ಗಿರಗಿರನೆ ತಿರುಗುತ್ತ ಮೇಲೆದ್ದಿತು. ಅದರ ಹಿಂದೆಯೇ ಹೆಂಟೆಗಳನ್ನು ಕೊಡವಿಕೊಂಡು ಒಂದು ಧೋತರ.

"ನನ್ನ ಧೋತ್ರಾ!" ಸಿದರಾಯ ಕಾಕಾ ಎದ್ದು ನಿಂತರು, ಟವೆಲು ಸಡಿಲವಾಯಿತೆಂದು ಮತ್ತೆ ಕುಳಿತರು.

ಮೇಲೆ ಗ್ಲೈಡರಿನ ಒಂದು ರೆಕ್ಕೆ ವಾಲಿತು. ಹೊಲದ ಮೇಲೆ ಅದು ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು. ಪ್ರತಿ ಸುತ್ತಿಗೂ ಚಿಕ್ಕದಾಗುತ್ತ ಹೋಯಿತು. ಏರುತ್ತಿತ್ತು! ಕಾದ ನೆಲವನ್ನಪ್ಪಿ ಮಲಗಿದ್ದ ಬಿಸಿಗಾಳಿಯನ್ನು ಟ್ರ್ಯಾಕ್ಟರುಗಳು ಕೆದಕಿ ಎಬ್ಬಿಸಿದ್ದವು. ಇಂಥದೂ ಆಗುವುದುಂಟೆಂದು ಆಮೇಲೆ ಪ್ರಣಾಲಿ ಹೇಳಿದಳು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಇಷ್ಟೆ, ಮೊಮ್ಮಗಳೂ ಧೋತರವೂ ಒಟ್ಟಿಗೆ ಮೇಲೆ ಹೋಗುತ್ತಿದ್ದರು.

"ಯಾಕ ಮ್ಯಾಲೆ ಹೊಂಟಾಳ?" ಸುನಂದಾ ಕಂಗಾಲಾದಳು. "ಹೊಲಾ ಇನ್ನೂ ಸಾಪ ಆಗಿಲ್ಲ ಅಂತ ಇಳೀವಲ್ಲಳು. ಸಂಮೇದಾ, ನಿಂದರಸಬ್ಯಾಡ, ಇನ್ನೂ ಜೋರ ಹೊಡಿ!"

ಸಂಮೇದ ಇನ್ನೂ ಜೋರಾಗಿ ಹೊಡೆದ. ಪ್ರಣಾಲಿ ಇನ್ನೂ ಮೇಲೆ ಹೋದಳು.

ಜಿನಪ್ಪನವರಿಗೆ ತಿಳಿದಿತ್ತೆಂದು ಕಾಣುತ್ತದೆ. ಅವರು ಹೊಲಕ್ಕೆ ಬೆನ್ನು ಮಾಡಿ, ನೀರಿನ ಟಾಕಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತ ನಿಂತರು. "ನಾ ಏನೂ ನೋಡಿಲ್ಲ," ಎಂದು ನನಗೆ ಮೆಲ್ಲಗೆ ಹೇಳಿದರು.

ಸಾಕಷ್ಟು ಎತ್ತರ ಸಿಕ್ಕಿದ ಮೇಲೆ ಗ್ಲೈಡರ್ ಪಶ್ಚಿಮಕ್ಕೆ ಮೂಗು ತಿರುಗಿಸಿ ಧಾವಪಟ್ಟಿಯ ದಾರಿ ಹಿಡಿಯಿತು. ಸುನಂದಾ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಪಕ್ಕದಲ್ಲಿ ಕುಳಿತೆ. 

ಅಷ್ಟರಲ್ಲಿ ಸಂಮೇದ ಕೂಗಿದ, "ಆಯಿ, ಇನ್ನೊಂದ ಬಂತು!"

ಬಸವಪ್ರಸಾದ. ಪರದೆ ಈಗ ಸೂರ್ಯನನ್ನು ಪೂರ್ತಿ ಮುಚ್ಚಿತ್ತು. ಮೂರು ಟ್ರ್ಯಾಕ್ಟರುಗಳೂ ಬದಿಗೆ ಸರಿದಿದ್ದವು, ಧೂಳು ಕೂತಿತ್ತು. ಅವನಿಗೆ ಯಾವ ಕಂಬವೂ ಸಿಗಲಿಲ್ಲ. ಉಳಿದ ಧೋತರಗಳ ನಡುವೆ, ಸಾಪಾದ ಹೊಲದಲ್ಲಿ, ಹೂವಿಟ್ಟಂತೆ ಇಳಿದ. ಗಾಜಿನ ಮುಚ್ಚಳ ತೆಗೆದು ಹೊರಬಂದವನ ಮುಖ ಚಿಕ್ಕದಾಗಿತ್ತು.

ಸುನಂದಾ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. "ಬಾರಪ್ಪಾ. ಕೈಕಾಲ ತೊಳಕೊ, ಎಲಿ ಹಾಕೇನಿ."

ಅವನು ಎಷ್ಟು ಹೋಳಿಗೆ ತಿಂದನೆಂದು ನಾನು ಎಣಿಸಲಿಲ್ಲ. ಅವನು ಬೇಡವೆಂದರೂ ಸುನಂದಾ ತುಪ್ಪ ಸುರಿಯುತ್ತಿದ್ದಳು, ಅವನು ಬೇಡ ಎನ್ನುವುದನ್ನು ಸ್ವಲ್ಪ ತಡವಾಗಿಯೇ ಹೇಳುತ್ತಿದ್ದ. ಊಟದ ನಡುವೆಯೇ ವಾಯರ್‌ಲೆಸ್ಸಿನಲ್ಲಿ ಸುದ್ದಿ ಬಂತು. ಪ್ರಣಾಲಿ ಧಾವಪಟ್ಟಿ ಮುಟ್ಟಿದ್ದಳು. ನಾವು ಖುಷಿಪಡುವ ಮೊದಲೇ ಮುಂದಿನ ಸುದ್ದಿ. ಆರಗದಲ್ಲಿ ನೆಲದಿಂದ ನೆರವು ಸಿಕ್ಕಿದೆ ಎಂದು ಯಾರೋ ತಕರಾರು ಎತ್ತಿದ್ದಾರೆ. ವಿಚಾರಣೆ ಆಗುವವರೆಗೆ ಫಲಿತಾಂಶ ಇಲ್ಲ.

ನಮ್ಮ ಗಾಡಿ ಹೇಗೂ ಖಾಲಿ ಇತ್ತು. ಬಸವಪ್ರಸಾದನ ಗ್ಲೈಡರಿನ ರೆಕ್ಕೆ ಬಿಚ್ಚಿ ಅದರಲ್ಲೇ ಹೇರಿದೆವು. ಜೀಪಿನಲ್ಲಿ ಅವನು ನನ್ನ ಪಕ್ಕ ಕುಳಿತ. ಪ್ರಣಾಲಿಯ ಹಾರಾಟ ರದ್ದಾದರೆ ಜಾಗ ಅವನದೇ. ಜಿನಪ್ಪನವರು ದಾರಿಯುದ್ದಕ್ಕೂ ಅವನನ್ನು ಏನೂ ಕೇಳಲಿಲ್ಲ. ಮಿರಜ ಬಂದಾಗ, "ಕಿಟಕಿ ಹಚ್ಚಲೇನೋ, ಧೂಳ ಬರ್ತೈತಿ," ಎಂದರು ಅಷ್ಟೆ.

ಧಾವಪಟ್ಟಿಯ ಮಂಡಪದ ಮುಂದೆ ಪ್ರಣಾಲಿ ಕೈಕಟ್ಟಿ ನಿಂತಿದ್ದಳು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದಳು.

"ಟ್ರ್ಯಾಕ್ಟರ್ ಓಡಿಸಿದ್ದು ನಿಜವೇ?" ಪರೀಕ್ಷಕ ಸಾಹೇಬರು ಮರಾಠಿಯಲ್ಲಿ ಕೇಳಿದರು.

"ನಿಜ," ಎಂದರು ಜಿನಪ್ಪನವರು. ಸುಳ್ಳು ಅವರಿಗೆ ಬರುವುದಿಲ್ಲ.

"ಬಿಳಿ ಬಟ್ಟೆ ಹಾಸಿದ್ದು?"

"ನಿಜ. ಒಂದು ಇನ್ನೂ ಸಿಕ್ಕಿಲ್ಲ."

ಸಾಹೇಬರು ಉಸಿರುಬಿಟ್ಟರು. ಆಗ ಬಸವಪ್ರಸಾದ ಮುಂದೆ ಬಂದ. "ಸಾಹೇಬ, ನಾನು ಅದೇ ಹೊಲದಲ್ಲಿ ಇಳಿದವನು. ಅವರು ಹೊಲ ಮಾಡಿದ್ದು ಇವಳನ್ನು ಇಳಿಸಲಿಕ್ಕೆ, ಏರಿಸಲಿಕ್ಕಲ್ಲ. ಇಳಿದಿದ್ದರೆ ಇವಳು ಸೋಲುತ್ತಿದ್ದಳು. ಇದು ನೆರವು ಹೇಗಾಗುತ್ತದೆ?"

"ಇಳಿಸಲಿಕ್ಕೆಂದು ನಿನಗೆ ಹೇಗೆ ಗೊತ್ತು?"

"ನಾನು ಉಂಡು ಬಂದಿದ್ದೇನೆ ಸಾಹೇಬ. ಮೇಲೆ ಹೋಗಿಬಿಡುವವರಿಗಾಗಿ ಯಾರೂ ಅಷ್ಟು ಅಡುಗೆ ಮಾಡುವುದಿಲ್ಲ."

 "ಇಳಿ ಎಂದದ್ದನ್ನು ನಾನೂ ಕೇಳಿದೆ," ಎಂದು ಸಾಹೇಬರು ಹೇಳಿದರು. "ನನ್ನನ್ನೂ ಊಟಕ್ಕೆ ಕರೆದರು." ಮತ್ತೆ ಗಂಟಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು. "ಬಂಧುಗಳಿಂದ ಅಡ್ಡಿಯಾಗಿದೆ, ನೆರವಾಗಿಲ್ಲ. ಅಡ್ಡಿ ಮೀರಿ ಬಂದವರಿಗೆ ದಂಡವಿಲ್ಲ. ಪ್ರಣಾಲಿಯ ಹಾರಾಟ ಖಾಯಂ."

ಪ್ರಣಾಲಿ ಮುಖ ಮುಚ್ಚಿಕೊಂಡಳು. ಕೈ ತೆಗೆದ ಮೇಲೆ ಬಸವಪ್ರಸಾದನಿಗೆ, "ನಿನ್ನ ಜಾಗಾ ಹೋತಲ್ಲೋ," ಎಂದಳು.

"ಹೋಗ್ಲಿ ಬಿಡು. ಹೊಟ್ಟಿ ತುಂಬೇತಿ," ಎಂದು ಅವನು ತನ್ನ ಗ್ಲೈಡರಿನ ಕಡೆ ನಡೆದ. ಹೋಗುವಾಗ ಒಮ್ಮೆ ಕತ್ತೆತ್ತಿ ಆಕಾಶ ನೋಡಿದ.

ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು. ಸುನಂದಾ. ತೀರ್ಪಿನ ಮಾತು ಹೇಳಬಾರದಿತ್ತು, ಸಂತೋಷದಲ್ಲಿ ಹೇಳಿಬಿಟ್ಟೆ.

"ಅಡ್ಡಿ? ನಾವು ಅಡ್ಡಿ ಮಾಡೀವಂತ?" ಅವಳ ದನಿ ಮಂಡಪದವರೆಗೂ ಕೇಳುವಂತಿತ್ತು. "ಟ್ರ್ಯಾಕ್ಟರದಿಂದನ ಗಾಳಿ ಎದ್ದೈತಿ ಅಂತ ಸಂಮೇದ ಈಗ ಹೇಳ್ದ. ನಮ್ಮ ಹೊಲದ ಗಾಳಿ ಮ್ಯಾಲೆ ಹುಡುಗಿ ಹೋಗ್ಯಾಳ! ಆ ಸಾಹೇಬಗ ಫೋನ ಕೊಡು ಅಕ್ಕಾ. ನಾವ ಸಹಾಯ ಮಾಡೀವಿ ಅಂತ ನಾ ಹೇಳ್ತೇನಿ!"

ಸಾಹೇಬರು ತಿರುಗಿ ನೋಡಿದರು. ಜಿನಪ್ಪನವರು ಗಾಡಿಯ ಚಕ್ರ ಪರೀಕ್ಷಿಸಲು ಬಗ್ಗಿದರು. ಪ್ರಣಾಲಿ ನನ್ನ ಕೈಯಿಂದ ಫೋನು ಕಸಿದು ಜೀಪಿನ ಹಿಂದಕ್ಕೆ ಓಡಿದಳು. ನಾನೂ ಹಿಂದೆ ಹೋದೆ.

"ಮಾವಶಿ ಆಜಿ, ಹಳೂ ಮಾತಾಡ್ರಿ. ನಾಳೆ ನಾ ಬರ್ತೇನಿ ಊಟಕ್ಕ. ಖರೇನ. ಎಸ್ಟಿ ಬಸ್ಸಿಲೇ ಬರ್ತೇನಿ."

"ಎಸ್ಟಿ ನಮ್ಮ ಮನಿ ಮುಂದ ನಿಂದರೂದಿಲ್ಲಲ್ಲ ಬಾಳಾ," ಎಂದಳು ಸುನಂದಾ. ಸಿಟ್ಟು ಅರ್ಧ ಇಳಿದಿತ್ತು. "ಇರ್ಲಿ, ನೀ ಚಿಂತಿ ಮಾಡಬ್ಯಾಡ. ಸಂಮೇದ ರಸ್ತಾಕ್ಕ ಟ್ರ್ಯಾಕ್ಟರ ಅಡ್ಡ ಹಚ್ತಾನ."