ನನಗೆ ತಿಳಿಸಿದ ಮೇಲೆ

ನನ್ನ ಗಂಡ ರೆಯಾಲ್ ಸತ್ತ ಮೇಲೆ ಸೇನಾ ನೆಲೆಯ ಹೆಂಗಸರು ಸರದಿಯಂತೆ ನನಗೆ ಊಟ ತರುತ್ತಿದ್ದರು. ಯಾವುದರ ರುಚಿಯೂ ನನಗೆ ತಿಳಿಯುತ್ತಿರಲಿಲ್ಲ.

ಆ ಸಂಜೆ ಪಕ್ಕದ ಮನೆಯ ಗ್ಲೆಂಡಾ ಫ್ರಿಕೋ ತಂದಳು, ಕೋಳಿ ಆಲೂಗಡ್ಡೆ ಹಾಕಿ ಕುದಿಸಿದ ಸಾರು. ಪಾತ್ರೆಯನ್ನು ಒಲೆಯ ಮೇಲಿಡುತ್ತ, "ನಾಳೆ ಕೋರ್ಟಿಗೆ ಯಾವ ಕೋಟು ಹಾಕ್ಕೊಂಡು ಹೋಗ್ತೀಯೇ?" ಎಂದಳು.

"ಯಾವ ಕೋರ್ಟು?"

ಅವಳ ಕೈ ಮುಚ್ಚಳದ ಮೇಲೇ ನಿಂತಿತು. "ಅಯ್ಯೋ, ನಿಂಗೆ ಹೇಳಿಲ್ವಾ? ಪರ್ಡಿ ತಪ್ಪು ಒಪ್ಕೋತಾನಂತೆ. ಡ್ರಿಲ್ ಹಾಲ್‌ನಲ್ಲಿ ಕೋರ್ಟಿಗೆ ಅಂತ ಕುರ್ಚಿ ಹಾಕಿದ್ದೇ ನಮ್ಮನೆಯವ್ರು. ಬೆನ್ನು ನೋವು ಅಂತ ಇನ್ನೂ ನರಳ್ತಿದ್ದಾರೆ."

ವಾರಂಟ್ ಆಫೀಸರ್ ಪರ್ಡಿ, ಹೆಪ್ಪುಗಟ್ಟಿದ ನದಿಯ ಮೇಲೆ ರೆಯಾಲ್‌ನ ಟ್ರಕ್ಕನ್ನು ಕಳಿಸಿದವನು. ರೆಯಾಲ್ ಜೋರಾಗಿ ಓಡಿಸಿದ, ಅದಕ್ಕೇ ಐಸ್ ಒಡೆದು ಮುಳುಗಿದ ಎಂದು ಜನ ಆಡಿಕೊಳ್ಳುತ್ತಿದ್ದರು. ಮೊಕದ್ದಮೆಯಲ್ಲಿ ಏನೇ ನಡೆದರೂ ನನಗೆ ಮೊದಲೇ ತಿಳಿಸಬೇಕೆಂದು ಬರೆದು ಕೇಳಿದ್ದೆ. ಕೇಳಿದವರಿಗೆ ತಿಳಿಸಲೇಬೇಕು, ಕಾನೂನಿದೆ. ಆ ಕೆಲಸಕ್ಕೆ ನೇಮಿಸಿದ್ದು ಕ್ಯಾಪ್ಟನ್ ಹಾರ್ನಿಶ್‌ನನ್ನು. ರೆಯಾಲ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

ಅವನಿಗೆ ಫೋನ್ ಮಾಡಿದೆ.

"ಹೇಳೋಣ ಅಂತಾನೇ ಇದ್ದೆ, ಮಿರೇಯ್. ಎಲ್ಲ ಮುಗಿದ ಮೇಲೆ. ದೊಡ್ಡ ಆರೋಪ ಕೈಬಿಡೋದು, ಪರ್ಡಿ ಸಣ್ಣದನ್ನ ಒಪ್ಕೊಳ್ಳೋದು ಅಂತ ಒಪ್ಪಂದ ಆಗಿದೆ. ಕೇಳಿದ್ರೆ ನೀನು ಕುಸಿದುಹೋಗ್ತೀಯ ಅಂತ ನಾವೆಲ್ಲ ಮಾತಾಡ್ಕೊಂಡ್ವಿ."

"ನಾವೆಲ್ಲ ಅಂದ್ರೆ?"

"ರೆಜಿಮೆಂಟು. ನೀನು ನಮ್ಮನೆ ಹೆಣ್ಣುಮಗಳಲ್ವಾ?"

ರೆಜಿಮೆಂಟು ಹಾಗೆಯೇ. ವಿಧವೆಯ ಅಂಗಳದ ಹಿಮ ತೆಗೆಯುತ್ತದೆ, ಸೋರುವ ಚಾವಣಿ ಸರಿಮಾಡುತ್ತದೆ. ಕೆಟ್ಟ ಸುದ್ದಿಯನ್ನೂ ಅವಳ ಪರವಾಗಿ ತಾನೇ ಕೇಳಿಸಿಕೊಂಡುಬಿಡುತ್ತದೆ.

ಬೆಳಿಗ್ಗೆ ಡ್ರಿಲ್ ಹಾಲಿನ ಕೊನೆಯ ಸಾಲಿನಲ್ಲಿ ಕುಳಿತೆ. ಗ್ಲೆಂಡಾ ಜೊತೆಗಿದ್ದಳು. ನ್ಯಾಯಾಧೀಶರು ತಲೆಯೆತ್ತದೆ, ವಾಡಿಕೆಯಂತೆ, ಪ್ರಾಸಿಕ್ಯೂಟರ್ ಹುಡುಗಿಯನ್ನು ಕೇಳಿದರು: "ಈ ಒಪ್ಪಂದದ ಬಗ್ಗೆ ಮೃತನ ಹೆಂಡತಿಗೆ ತಿಳಿಸಿದ್ದೀರಾ?"

"ಕ್ಯಾಪ್ಟನ್ ಹಾರ್ನಿಶ್ ಮೂಲಕ ತಿಳಿಸಿದ್ದೀವಿ, ಸಾರ್."

ಗ್ಲೆಂಡಾ ಮೊಣಕೈಯಿಂದ ತಿವಿದಳು. "ಏಳೇ!"

ಎದ್ದೆ. "ನನಗೆ ತಿಳಿಸಿಲ್ಲ. ಫ್ರಿಕೋ ತಂದವಳು ಹೇಳಿದಳು."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ನ್ಯಾಯಾಧೀಶರು ಈಗ ತಲೆಯೆತ್ತಿದರು. "ಕ್ಯಾಪ್ಟನ್?"

ಹಾರ್ನಿಶ್ ಸೆಟೆದು ನಿಂತ. ಅವನ ಕಿವಿ ಕೆಂಪಾಗಿತ್ತು. "ಹೇಳಲಿಲ್ಲ, ಸಾರ್. ಆಕೆ ತಡ್ಕೊಳ್ಳಲ್ಲ ಅಂದ್ಕೊಂಡೆ."

"ಅಂದ್ಕೊಳ್ಳೋ ಕೆಲಸ ನಿಮಗೆ ಯಾರೂ ಕೊಟ್ಟಿರಲಿಲ್ಲ." ಅವರು ಪೆನ್ನು ಕೆಳಗಿಟ್ಟರು. "ಇವತ್ತಿಗೆ ಇಲ್ಲಿಗೆ ನಿಲ್ಲಿಸೋಣ. ಆಕೆ ಜೊತೆ ಕೂತು ಎಲ್ಲ ಹೇಳಿ. ಆಕೆ ಹೇಳೋದನ್ನೂ ಕೇಳಿ. ಆಮೇಲೆ ಬನ್ನಿ."

ಇಡೀ ಹಾಲು ಎದ್ದು ನಿಂತಿತು. ನಿಲ್ಲುವುದು ನ್ಯಾಯಾಧೀಶರಿಗಾಗಿ ಎಂದು ಗೊತ್ತಿದ್ದರೂ ನನಗೆ ಹಿತವೆನಿಸಿತು.

ಮಧ್ಯಾಹ್ನ ಪ್ರಾಸಿಕ್ಯೂಟರ್ ನನ್ನ ಅಡುಗೆಮನೆಗೆ ಬಂದು ಒಂದೊಂದಾಗಿ ಹೇಳಿದಳು. ಐಸ್ ತೆಳ್ಳಗಿದೆ ಎಂದು ರೆಯಾಲ್ ರೇಡಿಯೋದಲ್ಲಿ ಎರಡು ಸಲ ಹೇಳಿದ್ದ. ಹೋಗು ಎಂದು ಪರ್ಡಿ ಎರಡು ಸಲ ಆಜ್ಞೆ ಕೊಟ್ಟಿದ್ದ. ಒಪ್ಪಂದದಲ್ಲಿ ಆ ಮಾತೇ ಇರಲಿಲ್ಲ.

"ಆರೋಪ ಸಣ್ಣದಾದರೂ ಇರಲಿ," ಎಂದೆ. "ಆ ಮಾತು ಎಲ್ಲರೆದುರು ಬರಬೇಕು. ಪರ್ಡಿ ಒಪ್ಪಬೇಕು."

ಆಕೆ ಅದನ್ನು ಬರೆದುಕೊಂಡಳು. "ಒಪ್ಪಿಸ್ತೀನಿ," ಎಂದಳು.

ಮತ್ತೆ ಕೋರ್ಟು ಸೇರಿದ ದಿನ ನ್ಯಾಯಾಧೀಶರು ಪ್ರಾಸಿಕ್ಯೂಟರನ್ನು ಕೇಳಲಿಲ್ಲ, ಕೊನೆಯ ಸಾಲಿನತ್ತ ನೋಡಿದರು. "ಮೇಡಂ, ನಿಮಗೆ ತಿಳಿಸಿದ್ದಾರಾ?"

ಸಮವಸ್ತ್ರದ ಅಷ್ಟೂ ತಲೆಗಳು ನನ್ನ ಕಡೆ ತಿರುಗಿದವು.

"ತಿಳಿಸಿದ್ದಾರೆ. ಶುರುಮಾಡಿ."

ರೆಯಾಲ್‌ನ ಎರಡು ಎಚ್ಚರಿಕೆಗಳನ್ನೂ ಪರ್ಡಿಯ ಎರಡು ಆಜ್ಞೆಗಳನ್ನೂ ಓದಿದರು. "ಇದು ನಿಜವೇ?" ಎಂದು ಕೇಳಿದಾಗ ಪರ್ಡಿ, "ನಿಜ, ಸಾರ್," ಎಂದ. ಹಾಲಿನ ಕೊನೆಗೂ ಕೇಳಿಸಿತು.

ಮನೆಗೆ ಬಂದು ಗ್ಲೆಂಡಾ ಹೊಸದಾಗಿ ಮಾಡಿ ತಂದ ಫ್ರಿಕೋ ಬಾಯಿಗಿಟ್ಟೆ.

"ಉಪ್ಪು ಕಮ್ಮಿ," ಎಂದೆ.

"ಯಾವಾಗ್ಲೂ ಕಮ್ಮೀನೇ ಹಾಕೋದು ಕಣೇ ನಾನು," ಎಂದಳು. "ನಿಂಗೆ ಇವತ್ತು ಗೊತ್ತಾಯ್ತಾ?"